ರಿಪೋರ್ಟ್‌ನಲ್ಲಿ ಇ. ಕೋಲೈ ಬಂದಿದೆ ಅಂದರೆ

ತಿಂಗಳಿಗೆ ಐದಾರು ಸಲವಾದರೂ ನನಗೆ ಇಂಥ ಫೋನ್ ಬರುತ್ತದೆ. "ಮೇಡಂ, ಅಮ್ಮನ ಯೂರಿನ್ ಕಲ್ಚರ್ ರಿಪೋರ್ಟ್ ಬಂತು. ಇ. ಕೋಲೈ ಅಂತ ಬರೆದಿದ್ದಾರೆ. ತುಂಬಾ ಅಪಾಯವಾ?" ಯೂರಿನ್ ಕಲ್ಚರ್ ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದೆಯಾ ಎಂದು ಬೆಳೆಸಿ ನೋಡುವ ಪರೀಕ್ಷೆ. ದನಿಯಲ್ಲಿ ಗಾಬರಿ ಇರುತ್ತದೆ. ನನಗೆ ಫೋನ್ ಮಾಡುವ ಮೊದಲೇ ಇಂಟರ್ನೆಟ್‌ನಲ್ಲಿ ಹುಡುಕಿ, ಎಲ್ಲೋ ಹೊರದೇಶದಲ್ಲಿ ಜನ ಸತ್ತ ಸುದ್ದಿ ಓದಿರುತ್ತಾರೆ. ನಾನು ತಿರುಗಿ ಕೇಳುತ್ತೇನೆ, "ಅಮ್ಮನಿಗೆ ಉರಿಮೂತ್ರ ಇದೆಯಾ? ಜ್ವರ, ಸೊಂಟನೋವು?" ಎಷ್ಟೋ ಸಲ ಬರುವ ಉತ್ತರ: "ಇಲ್ಲ ಮೇಡಂ, ಸುಮ್ನೆ ಚೆಕಪ್‌ಗೆ ಅಂತ ಕೊಟ್ಟಿದ್ವಿ."

ನಾನು ಲ್ಯಾಬಿನಲ್ಲಿ ಕೆಲಸ ಮಾಡುವ ಮೈಕ್ರೋಬಯಾಲಜಿ ವೈದ್ಯೆ. ಇ. ಕೋಲೈ ಬೆಳೆದ ಪ್ಲೇಟನ್ನು (ಬ್ಯಾಕ್ಟೀರಿಯಾ ಬೆಳೆಸುವ ಚಪ್ಪಟೆ ತಟ್ಟೆ) ನೋಡದ ದಿನವೇ ಇಲ್ಲ ಅನ್ನಬಹುದು. ಈ ಬ್ಯಾಕ್ಟೀರಿಯಾ ನಿಮ್ಮ ಕರುಳಿನಲ್ಲೂ ಇದೆ, ನನ್ನ ಕರುಳಿನಲ್ಲೂ ಇದೆ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಒಳಗೆ ಬಂದು ನೆಲೆಸುತ್ತದೆ. ಇದನ್ನು ಮೊದಲು ಕಂಡದ್ದೂ ಮಕ್ಕಳ ಮಲದಲ್ಲೇ. ಜರ್ಮನಿಯ ಮ್ಯೂನಿಕ್‌ನಲ್ಲಿದ್ದ ಮಕ್ಕಳ ವೈದ್ಯ ಥಿಯೋಡರ್ ಎಶರಿಖ್ 1885ರಲ್ಲಿ ಇದನ್ನು ಬೇರ್ಪಡಿಸಿ ವಿವರಿಸಿದರು. ಅವರು ಕೊಟ್ಟ ಹೆಸರು 'ಬ್ಯಾಕ್ಟೀರಿಯಂ ಕೋಲೈ ಕಮ್ಯೂನೆ'. ದೊಡ್ಡ ಕರುಳಿನಲ್ಲಿ ಎಲ್ಲರಲ್ಲೂ ಕಾಣುವ ಬ್ಯಾಕ್ಟೀರಿಯಾ ಎಂದು ಅರ್ಥ. ಎಶರಿಖಿಯ ಕೋಲೈ ಎಂಬ ಈಗಿನ ಹೆಸರು ಅವರ ನೆನಪಿಗೆ ಆಮೇಲೆ ಬಂದದ್ದು.

ಕರುಳಿನ ಬ್ಯಾಕ್ಟೀರಿಯಾಗಳ ದೊಡ್ಡ ಸಂತೆಯಲ್ಲಿ ಇದರ ಪಾಲು ನೂರಕ್ಕೆ ಒಂದೂ ಇಲ್ಲ. ಅಲ್ಲಿ ಇರುವಷ್ಟು ದಿನ ತೊಂದರೆ ಕೊಡುವುದಿಲ್ಲ, ಸ್ವಲ್ಪ ವಿಟಮಿನ್ ಕೆ ಕೂಡ ತಯಾರಿಸಿ ಕೊಡುತ್ತದೆ. ಆದರೆ ಮಲದ್ವಾರದಿಂದ ಮೂತ್ರದ ದಾರಿಗೆ ದೂರ ಎಷ್ಟು? ಹೆಂಗಸರಲ್ಲಿ ಕೆಲವು ಬೆರಳಿನಷ್ಟು. ಅವರ ಮೂತ್ರನಾಳದ ಉದ್ದವೂ ಸುಮಾರು 4 ಸೆಂಟಿಮೀಟರ್ ಮಾತ್ರ. ಹಾಗಾಗಿ ಇದು ಸುಲಭವಾಗಿ ಮೇಲೇರುತ್ತದೆ. ಮೈಮೇಲಿನ ಕೂದಲಿನಂಥ ಎಳೆಗಳಿಂದ ಮೂತ್ರಕೋಶದ ಗೋಡೆಗೆ ಕಚ್ಚಿಕೊಳ್ಳುತ್ತದೆ. ಸಾಮಾನ್ಯವಾಗಿ ಬರುವ ಉರಿಮೂತ್ರದ ಸೋಂಕುಗಳಲ್ಲಿ ಹತ್ತಕ್ಕೆ ಏಳೆಂಟು ಇದರಿಂದಲೇ. ಅಲ್ಲಿಂದ ಕಿಡ್ನಿಗೆ ಏರಿದರೆ ಚಳಿಜ್ವರ, ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ. ಅದಕ್ಕೇ ಹೆಸರಿಗಿಂತ ಅದು ಸಿಕ್ಕ ಜಾಗ ನನಗೆ ಮುಖ್ಯ. ಮಲದಲ್ಲಿ ಇ. ಕೋಲೈ ಸಿಕ್ಕರೆ ಅಷ್ಟಕ್ಕೇ ಗಾಬರಿ ಬೇಡ. ರಕ್ತದಲ್ಲಿ ಸಿಕ್ಕರೆ ನಾನೇ ಆ ಕ್ಷಣ ವಾರ್ಡಿಗೆ ಫೋನ್ ಮಾಡುತ್ತೇನೆ.

ಮೂತ್ರದಲ್ಲಿ ಸಿಕ್ಕರೆ? ಇಲ್ಲಿ ಲೆಕ್ಕ ಬೇಕು. ಸ್ಯಾಂಪಲ್ ಬಂದ ಕೂಡಲೇ ಒಂದು ಸಣ್ಣ ತಂತಿಯ ಬಳೆಯಲ್ಲಿ, ನಾವು ಅದನ್ನು ಲೂಪ್ ಅನ್ನುತ್ತೇವೆ, ಒಂದು ಮಿಲಿಲೀಟರಿನ ಸಾವಿರದ ಒಂದು ಭಾಗ ತೆಗೆದು ಪ್ಲೇಟಿನ ಮೇಲೆ ಎಳೆಯುತ್ತೇವೆ. ಮೆಕಾಂಕಿ ಅಗರ್ ಎಂಬ ಪ್ಲೇಟಿನಲ್ಲಿ ಪಿತ್ತದ ಲವಣ, ಹಾಲಿನ ಸಕ್ಕರೆ, ಒಂದು ಬಣ್ಣ ಇರುತ್ತವೆ. ಕರುಳಿನಲ್ಲಿ ಬದುಕುವ ಬ್ಯಾಕ್ಟೀರಿಯಾಗಳಿಗೆ ಪಿತ್ತ ಅಭ್ಯಾಸ, ಹಾಗಾಗಿ ಅವು ಬೆಳೆಯುತ್ತವೆ. ಇ. ಕೋಲೈ ಆ ಸಕ್ಕರೆಯನ್ನು ಹುಳಿಯಾಗಿಸುತ್ತದೆ, ಬಣ್ಣ ತಿರುಗುತ್ತದೆ. ಇನ್‌ಕ್ಯುಬೇಟರ್ ಎಂಬ ಬೆಚ್ಚಗಿನ ಪೆಟ್ಟಿಗೆಯಲ್ಲಿ 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟು ಬೆಳಗ್ಗೆ ತೆಗೆದರೆ ದಾಳಿಂಬೆ ಕಾಳಿನ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದು ಬ್ಯಾಕ್ಟೀರಿಯಾದ ಸಂಸಾರ. ನೂರು ಚುಕ್ಕೆ ಎಣಿಸಿದರೆ ಒಂದು ಮಿಲಿಲೀಟರಿಗೆ ಒಂದು ಲಕ್ಷ. ಸೋಂಕು ಇರಬಹುದು ಎನ್ನಲು ಈ ಒಂದು ಲಕ್ಷದ ಗಡಿಯನ್ನೇ ವೈದ್ಯರು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಉರಿಮೂತ್ರ ಇದ್ದವರಲ್ಲಿ ಇದಕ್ಕಿಂತ ಕಡಿಮೆ ಇದ್ದರೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ.

ಆದರೆ ಈ ಲೆಕ್ಕ ಕೆಡುವುದು ಲ್ಯಾಬಿಗೆ ಬರುವ ಮೊದಲೇ. ಒಮ್ಮೆ ಹಳ್ಳಿಯಿಂದ ಬಂದ ಅಜ್ಜಿಯೊಬ್ಬರ ಸ್ಯಾಂಪಲ್ ನೋಡಿದೆ. ಬೆಳಗ್ಗೆ ಆರಕ್ಕೆ ಹಿಡಿದದ್ದು. ಬಸ್ಸು ಹಿಡಿದು ಮೊಮ್ಮಗ ಲ್ಯಾಬಿಗೆ ತಲುಪಿದಾಗ ಹನ್ನೊಂದು ದಾಟಿತ್ತು. ಏಪ್ರಿಲ್ ತಿಂಗಳು, ಡಬ್ಬಿ ಬ್ಯಾಗಿನೊಳಗೆ ಬೆಚ್ಚಗಿತ್ತು. ಅನುಕೂಲದ ಜಾಗ ಸಿಕ್ಕರೆ ಇ. ಕೋಲೈ 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ. ಒಂದು ಇದ್ದದ್ದು ಒಂದು ಗಂಟೆಗೆ 8, ಎರಡು ಗಂಟೆಗೆ 64, ನಾಲ್ಕು ಗಂಟೆಗೆ 4,096. ಡಬ್ಬಿಯಲ್ಲಿ ಅಷ್ಟೊಂದು ವೇಗ ಇರದಿದ್ದರೂ ನಮ್ಮನ್ನು ದಾರಿ ತಪ್ಪಿಸಲು ಸಾಕು. ಪ್ಲೇಟಿನಲ್ಲಿ ಲಕ್ಷ ದಾಟಿತ್ತು. ಅಜ್ಜಿಗೆ ಯಾವ ತೊಂದರೆಯೂ ಇರಲಿಲ್ಲ. ಅವರನ್ನೇ ಕರೆಸಿ, ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನ ಧಾರೆಯನ್ನು ಹಿಡಿಯಲು ಹೇಳಿ, ಕೂಡಲೇ ಪ್ಲೇಟಿಗೆ ಹಾಕಿದೆವು. ಮರುದಿನ ಏನೂ ಬೆಳೆದಿರಲಿಲ್ಲ. ಸ್ಯಾಂಪಲ್ಲನ್ನು ಎರಡು ಗಂಟೆಯೊಳಗೆ ತಲುಪಿಸಿ, ಆಗದಿದ್ದರೆ ಫ್ರಿಜ್ಜಿನಲ್ಲಿಡಿ ಎಂದು ನಾವು ಬೇಡಿಕೊಳ್ಳುವುದು ಇದಕ್ಕೇ.

ಸರಿಯಾಗಿ ಹಿಡಿದ ಸ್ಯಾಂಪಲ್ಲಿನಲ್ಲೂ ಲಕ್ಷ ಬಂತು, ಆದರೆ ತೊಂದರೆ ಏನೂ ಇಲ್ಲ ಅಂದರೆ? ವಯಸ್ಸಾದ ಹೆಂಗಸರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ತುಂಬಾ ಸಾಮಾನ್ಯ. ಇದಕ್ಕೆ ಆಂಟಿಬಯೋಟಿಕ್ ಬೇಡ. ಬಸುರಿಯರ ಮಾತು ಬೇರೆ. ಅವರಲ್ಲಿ ಲಕ್ಷಣ ಇಲ್ಲದಿದ್ದರೂ ಚಿಕಿತ್ಸೆ ಕೊಡಲೇಬೇಕು, ಇಲ್ಲದಿದ್ದರೆ ಕಿಡ್ನಿಗೆ ಏರುವ ಸಾಧ್ಯತೆ ಜಾಸ್ತಿ. ಮೂತ್ರನಾಳದ ಆಪರೇಷನ್‌ಗೆ ಹೋಗುವವರಿಗೂ ಹಾಗೆಯೇ.

ಜನ ಇಂಟರ್ನೆಟ್‌ನಲ್ಲಿ ಓದಿ ಹೆದರುವ ಇ. ಕೋಲೈ ಇದೇ ಜಾತಿಯ ಬೇರೆ ತಳಿ. ಕೆಲವು ತಳಿಗಳು ಶಿಗಾ ಎಂಬ ವಿಷವನ್ನು ತಯಾರಿಸುತ್ತವೆ. ಕರುಳಿನಲ್ಲಿ ರಕ್ತಭೇದಿ, ಆಮೇಲೆ ಕೆಲವರಲ್ಲಿ ಕಿಡ್ನಿ ಸೋಲುತ್ತದೆ. 1982ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಬೇಯದ ಹ್ಯಾಂಬರ್ಗರ್ ತಿಂದವರಲ್ಲಿ ಒ157 ಎಂಬ ತಳಿ ಮೊದಲು ಗುರುತಿಗೆ ಬಂತು. 2011ರಲ್ಲಿ ಉತ್ತರ ಜರ್ಮನಿಯಲ್ಲಿ ಇಂಥದ್ದೇ ಇನ್ನೊಂದು ತಳಿಯಿಂದ 3,800ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮೊದಲು ಸ್ಪೇನಿನ ಸೌತೆಕಾಯಿ ಮೇಲೆ ಅನುಮಾನ ಬಂತು. ಕೊನೆಗೆ ಜಾಡು ಹೋಗಿ ನಿಂತದ್ದು ಹಸಿಯಾಗಿ ತಿನ್ನುವ ಮೊಳಕೆಕಾಳಿನ ಮೇಲೆ, ಅದರಲ್ಲೂ ಈಜಿಪ್ಟಿನಿಂದ ಬಂದ ಮೆಂತ್ಯದ ಮೇಲೆ. ನಾವೂ ಮೆಂತ್ಯ, ಹೆಸರುಕಾಳು ಮೊಳಕೆ ಕಟ್ಟುತ್ತೇವಲ್ವಾ. ಒದ್ದೆ ಬಟ್ಟೆ, ಬೆಚ್ಚಗಿನ ಮೂಲೆ, ಒಂದೆರಡು ದಿನ. ನನ್ನ ಇನ್‌ಕ್ಯುಬೇಟರ್ ಮಾಡುವ ಕೆಲಸವೂ ಹೆಚ್ಚುಕಡಿಮೆ ಅದೇ. ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ಮೊಳಕೆಯನ್ನು ಬೇಯಿಸಿಯೇ ಕೊಡಿ. ರಕ್ತಭೇದಿ ಆದ ಮಗುವಿಗೆ ಅಂಗಡಿಯಿಂದ ಆಂಟಿಬಯೋಟಿಕ್ ತಂದು ಕೊಡಬೇಡಿ. ಈ ವಿಷದ ತಳಿಯಾಗಿದ್ದರೆ ಕೆಲವು ಮಾತ್ರೆಗಳಿಂದ ವಿಷ ಇನ್ನೂ ಜಾಸ್ತಿ ಬಿಡುಗಡೆಯಾಗಬಹುದು. ಓಆರ್‌ಎಸ್ ಕುಡಿಸುತ್ತಾ ವೈದ್ಯರ ಹತ್ತಿರ ಹೋಗಿ. ಮೂತ್ರ ಕಡಿಮೆಯಾದರೆ, ಮಗು ಬಿಳಿಚಿಕೊಂಡರೆ ತಡಮಾಡಲೇಬೇಡಿ.

ನೀರಿನ ಮಾತು ಬೇರೆ. ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಒಂದೂ ಇ. ಕೋಲೈ ಇರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅಲ್ಲಿ ಸಿಕ್ಕ ಇ. ಕೋಲೈ ಬಹುಪಾಲು ಸಾಧು ತಳಿಯೇ ಇರಬಹುದು. ಆದರೆ ಅದು ಸಿಕ್ಕಿತೆಂದರೆ ನೀರಿಗೆ ಮಲ ಸೇರಿದೆ. ಅದರ ಜೊತೆಗೇ ಟೈಫಾಯಿಡ್, ಕಾಲರಾದ ಬ್ಯಾಕ್ಟೀರಿಯಾ, ಕಾಮಾಲೆಯ ವೈರಸ್ ಬಂದಿರಬಹುದು. ಪರೀಕ್ಷೆಗೆ ನೀರು ತರುವ ಬಾಟಲಿಯನ್ನು ಲ್ಯಾಬಿನಿಂದಲೇ ಪಡೆಯಿರಿ. ಅದರಲ್ಲಿ ಕ್ಲೋರಿನ್ನನ್ನು ತಡೆಯುವ ಒಂದು ಚಿಟಿಕೆ ಪುಡಿ ಇರುತ್ತದೆ. ಖಾಲಿ ಬಾಟಲಿ ಅಂದುಕೊಂಡು ಅದನ್ನು ತೊಳೆದುಬಿಡುವವರು ಬಹಳ.

ನನ್ನನ್ನು ಈಗ ನಿಜವಾಗಿ ಕಾಡುವುದು ಇನ್ನೊಂದು ಪ್ಲೇಟು. ಬೆಳೆದ ಇ. ಕೋಲೈಯನ್ನು ಹೊಸ ಪ್ಲೇಟಿನ ತುಂಬಾ ಹರಡಿ, ಮೇಲೆ ಔಷಧಿಯ ಸಣ್ಣ ಬಿಲ್ಲೆಗಳನ್ನು ಇಡುತ್ತೇವೆ. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದ ಒಂದು ವೃತ್ತ. ನಾನು ಕೆಲಸಕ್ಕೆ ಸೇರಿದಾಗ ದೊಡ್ಡ ದೊಡ್ಡ ವೃತ್ತಗಳು ಕಾಣುತ್ತಿದ್ದವು. ಈಗ ಎಷ್ಟೋ ಪ್ಲೇಟುಗಳಲ್ಲಿ ಬಿಲ್ಲೆಯ ಅಂಚಿನವರೆಗೂ ಹುಲುಸಾಗಿ ಬೆಳೆದಿರುತ್ತದೆ. ಔಷಧಿಯನ್ನು ಒಡೆಯುವ ಕಿಣ್ವದ ಜೀನನ್ನು ಈ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸುತ್ತವೆ. ಬೇಡದ ಮಾತ್ರೆ ನುಂಗಿದಾಗಲೆಲ್ಲ ಕರುಳಿನಲ್ಲಿ ಅಂಥವಕ್ಕೆ ಜಾಗ ತೆರವಾಗುತ್ತದೆ.

ಹೋದ ವಾರ ಫೋನ್ ಮಾಡಿದ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳ ಅಮ್ಮನಿಗೆ ಉರಿಯಿಲ್ಲ, ಜ್ವರವಿಲ್ಲ, ಊಟ ನಿದ್ದೆ ಚೆನ್ನಾಗಿದೆ. "ಹಾಗಾದ್ರೆ ತಂದಿಟ್ಟ ಮಾತ್ರೆ?" ಎಂದಳು. ಶುರು ಮಾಡುವ ಮೊದಲು ಚೀಟಿ ಬರೆದ ವೈದ್ಯರಿಗೆ ಫೋನ್ ಮಾಡಿ, ಲಕ್ಷಣ ಏನೂ ಇಲ್ಲ ಎಂದು ತಿಳಿಸಲು ಹೇಳಿದೆ. ಸಂಜೆ ಮೆಸೇಜ್ ಬಂತು: ವೈದ್ಯರೂ ಬೇಡ ಅಂದರಂತೆ.