ಚಿತ್ರ ತೆಗೆಯುತ್ತಿದ್ದ ವಿಮಾನದ ಚಿತ್ರಗಳು ಎಲ್ಲಿವೆ?

ನನ್ನ ಸೋದರಮಾವ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಎಂಜಿನ್ ವಿಭಾಗದ ಕೆಲಸಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಕಬ್ಬಿಣದ ಪೆಟ್ಟಿಗೆ ತೆರೆದಾಗ ಪಿಂಚಣಿ ಕಾಗದಗಳ ಕೆಳಗೆ ಒಂದು ಕಪ್ಪು ಬಿಳುಪಿನ ಫೋಟೊ ಸಿಕ್ಕಿತು. ಹದಿನೇಳು ಜನ ಎರಡು ಸಾಲಿನಲ್ಲಿದ್ದಾರೆ. ಅವರ ಬೆನ್ನ ಹಿಂದೆ ದುಂಡು ಮೂಗಿನ ದೊಡ್ಡ ವಿಮಾನವೊಂದಿದೆ. ಮೂಗಿನ ತುದಿಯಲ್ಲಿ ಗಾಜು, ಮೇಲ್ಭಾಗದ ಎಡಬದಿಗೆ ಬೋರಲು ಹಾಕಿದ ಬಟ್ಟಲಿನಂಥ ಇನ್ನೊಂದು ಗಾಜು. ಫೋಟೊದ ಹಿಂಬದಿಯಲ್ಲಿ ಒಂದು ರಬ್ಬರ್ ಮೊಹರು, ಒಂದು ಕ್ರಮಸಂಖ್ಯೆ. ಹೆಸರಿಲ್ಲ, ತಾರೀಕಿಲ್ಲ.

ಆ ವಿಮಾನ ಕ್ಯಾನ್‌ಬೆರಾ, ಭಾರತೀಯ ವಾಯುಪಡೆಯ ಮೊದಲ ಜೆಟ್ ಬಾಂಬರ್. ಅದರ ಏವನ್ ಎಂಜಿನ್ನುಗಳನ್ನು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ಓವರ್‌ಹಾಲ್ ಕೆಲಸದಲ್ಲೇ ಮಾವನ ಬಹುಪಾಲು ಆಯುಷ್ಯ ಕಳೆಯಿತು. ಮನೆಯಲ್ಲಿ ಅವರು ಅದರ ಬಗ್ಗೆ ಆಡಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದು. ಕೇಳಿದರೆ, ‘ಅದೆಲ್ಲ ಹೇಳುವ ಹಾಗಿಲ್ಲ’ ಎನ್ನುತ್ತಿದ್ದರು. ಐವತ್ತು ವರ್ಷ ಈ ದೇಶದ ಆಕಾಶದಲ್ಲಿದ್ದ ವಿಮಾನದ ನೆನಪು ಇಷ್ಟು ತೆಳುವಾಗಿ ಉಳಿದಿರುವುದೇಕೆ ಎಂದು ನಾನು ಹುಡುಕಲು ಹೊರಟದ್ದು ಆ ಫೋಟೊದಿಂದ.

ಕ್ಯಾನ್‌ಬೆರಾ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಎರಡನೇ ಮಹಾಯುದ್ಧ ಮುಗಿಯುತ್ತಿದ್ದಂತೆ ಇಂಗ್ಲಿಷ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಟೆಡ್ಡಿ ಪೆಟ್ಟರ್ ಎಂಬ ವಿನ್ಯಾಸಕಾರ ಇದರ ನಕ್ಷೆಗೆ ಕೈಹಾಕಿದರು. 1949ರ ಮೇ 13ರಂದು ರೋಲಂಡ್ ಬೀಮಾಂಟ್ ಅದನ್ನು ಮೊದಲ ಬಾರಿಗೆ ಹಾರಿಸಿದರು. ಹೊರದೇಶದ ಮೊದಲ ಗಿರಾಕಿ ಆಸ್ಟ್ರೇಲಿಯಾ. ಹೀಗಾಗಿ ಆ ದೇಶದ ರಾಜಧಾನಿಯ ಹೆಸರೇ ವಿಮಾನಕ್ಕೆ ಬಂತು. ಅಗಲವಾದ ರೆಕ್ಕೆ, ಎರಡು ಏವನ್ ಎಂಜಿನ್. ಆ ಕಾಲದ ಕಾದಾಟದ ವಿಮಾನಗಳು ಏದುಸಿರು ಬಿಡುತ್ತಿದ್ದ ಎತ್ತರದಲ್ಲಿ ಇದು ನಿರಾಯಾಸವಾಗಿ ಸಾಗುತ್ತಿತ್ತು. ಇದೇ ಪೆಟ್ಟರ್ ಮುಂದೆ ಬೇರೆ ಕಂಪನಿಗೆ ಹೋಗಿ ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನವನ್ನು ರೂಪಿಸಿದರು. ಆ ನ್ಯಾಟ್‌ಗಳನ್ನು ಕಟ್ಟಿದ್ದು ಬೆಂಗಳೂರಿನ ಎಚ್‌ಎಎಲ್. ಒಬ್ಬನೇ ಮನುಷ್ಯನ ಎರಡು ಕಲ್ಪನೆಗಳು, ಒಂದು ಆನೆಯಂತೆ, ಒಂದು ಗುಬ್ಬಿಯಂತೆ, ನಮ್ಮ ಊರಿನ ಕೆಲಸಗಾರರ ಕೈ ಸೇರಿದವು ಎನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ.

ಭಾರತ 1957ರ ಜನವರಿಯಲ್ಲಿ 68 ಕ್ಯಾನ್‌ಬೆರಾಗಳಿಗೆ ಬೇಡಿಕೆ ಸಲ್ಲಿಸಿತು. ಸೋವಿಯತ್ ಒಕ್ಕೂಟದ ಇಲ್ಯೂಷಿನ್-28 ಬಾಂಬರ್ ಕೂಡ ಪರಿಶೀಲನೆಯಲ್ಲಿತ್ತು. ಭಾರತ ಆ ಕಡೆಗೆ ವಾಲೀತೆಂಬ ಆತಂಕ ಬ್ರಿಟನ್ನಿಗಿತ್ತು. ಆ 68ರಲ್ಲಿ 54 ಬಾಂಬರುಗಳು, 6 ತರಬೇತಿ ವಿಮಾನಗಳು. ಉಳಿದ 8 ಬಾಂಬನ್ನೇ ಒಯ್ಯದವು. ಬಾಂಬಿನ ಬದಲು ಅವುಗಳ ಹೊಟ್ಟೆಯಲ್ಲಿದ್ದದ್ದು ಕ್ಯಾಮೆರಾ. ‘ಪಿಆರ್-57’ ಎಂದು ಅವುಗಳ ಹೆಸರು, 106ನೇ ಸ್ಕ್ವಾಡ್ರನ್ ಅವುಗಳ ಮನೆ. ನನ್ನ ಮಟ್ಟಿಗೆ ಕ್ಯಾನ್‌ಬೆರಾ ಕಥೆಯ ಹೃದಯ ಇರುವುದು ಈ ಎಂಟರಲ್ಲಿ.

ಆಕಾಶದಿಂದ ಫೋಟೊ ತೆಗೆಯುವುದೆಂದರೆ ಗುಂಡಿ ಒತ್ತುವುದಲ್ಲ. ವಿಮಾನ ಒಂದೇ ಎತ್ತರದಲ್ಲಿ, ಒಂದೇ ವೇಗದಲ್ಲಿ, ನೂಲು ಹಿಡಿದಂತೆ ನೇರವಾಗಿ ಸಾಗಬೇಕು. ಶತ್ರುವಿಗೆ ಗುರಿಯಿಡಲು ಅದಕ್ಕಿಂತ ಸುಲಭದ ಬೇಟೆ ಇನ್ನೊಂದಿಲ್ಲ, ಆದರೂ ಅಲುಗುವಂತಿಲ್ಲ. ಕ್ಯಾಮೆರಾ ತಾನಾಗಿ ಒಂದರ ಮೇಲೊಂದು ಚಿತ್ರ ತೆಗೆಯುತ್ತದೆ. ಒಂದು ಚಿತ್ರದಲ್ಲಿ ಕಂಡ ನೆಲದ ಅರ್ಧಕ್ಕಿಂತ ಹೆಚ್ಚು ಭಾಗ ಮುಂದಿನ ಚಿತ್ರದಲ್ಲೂ ಬರಬೇಕು. ಆಗ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಜೋಡಿ ಮಸೂರದಲ್ಲಿ ನೋಡಿದರೆ ಚಪ್ಪಟೆ ಕಾಗದದಿಂದ ಬೆಟ್ಟ ಎದ್ದು ನಿಲ್ಲುತ್ತದೆ, ಕಂದಕ ಒಳಗಿಳಿಯುತ್ತದೆ. ನೆರಳಿನ ಉದ್ದ ಅಳೆದು ಗೋಪುರದ ಎತ್ತರ ಹೇಳುತ್ತಾರೆ. ಹೊಸದಾಗಿ ಕಡಿದ ರಸ್ತೆಯ ಮಣ್ಣು ಹಳೆಯ ಕಾಲುದಾರಿಗಿಂತ ಬಿಳಿಚಿಕೊಂಡಿರುತ್ತದೆ. ಮೂರು ತಿಂಗಳ ಹಿಂದಿನ ಚಿತ್ರದ ಪಕ್ಕದಲ್ಲಿ ಇಂದಿನದನ್ನು ಇಟ್ಟರೆ ಶಿಬಿರ ಬೆಳೆದಿದೆಯೋ ಕರಗಿದೆಯೋ ಗೊತ್ತಾಗುತ್ತದೆ. ಹಾರಿದವರು ಇಳಿದ ಮೇಲೆ ಕತ್ತಲ ಕೋಣೆಯಲ್ಲಿ ಫಿಲ್ಮ್ ತೊಳೆದು ರಾತ್ರಿಯೆಲ್ಲ ಮಸೂರಕ್ಕೆ ಕಣ್ಣು ಕೀಲಿಸಿ ಕುಳಿತವರ ಚಿತ್ರವಂತೂ ಇನ್ನೂ ಅಪರೂಪ.

ಈ ಕೆಲಸದ ಅಪಾಯ ಬಹಳ ಬೇಗ ತಿಳಿಯಿತು. 1959ರ ಏಪ್ರಿಲ್ 10, ಈದ್ ಹಬ್ಬದ ಬೆಳಿಗ್ಗೆ, ರಾವಲ್ಪಿಂಡಿಯ ಬಳಿ ಒಂದು ಪಿಆರ್-57 ಅನ್ನು ಪಾಕಿಸ್ತಾನದ ಸೇಬರ್ ವಿಮಾನಗಳು ಹೊಡೆದುರುಳಿಸಿದವು. ಪಾಕಿಸ್ತಾನದ ವಾಯುಪಡೆಗೆ ಅದು ಆಕಾಶದಲ್ಲಿ ಸಿಕ್ಕ ಮೊದಲ ಗೆಲುವು. ಸ್ಕ್ವಾಡ್ರನ್ ಲೀಡರ್ ಜೆ.ಸಿ. ಸೇನ್‌ಗುಪ್ತ ಮತ್ತು ಫ್ಲೈಟ್ ಲೆಫ್ಟಿನೆಂಟ್ ಎಸ್.ಎನ್. ರಾಂಪಾಲ್ ವಿಮಾನದಿಂದ ಹೊರಚಿಮ್ಮಿ ಬದುಕಿದರು, ಸೆರೆಯಾದರು, ಬಳಿಕ ಮರಳಿದರು. ಅವರು ಬದುಕಿದ್ದಕ್ಕೆ ಒಂದು ಕಾರಣ, ಪಿಆರ್-57ರಲ್ಲಿ ಇಬ್ಬರಿಗೂ ಹೊರಚಿಮ್ಮುವ ಆಸನವಿತ್ತು. ಬಾಂಬರ್ ಮಾದರಿಯಲ್ಲಿ ಅದು ಪೈಲಟ್‌ಗೆ ಮಾತ್ರ. ಮೂಗಿನ ಗಾಜಿನೊಳಗೆ ಬೋರಲು ಮಲಗಿ ಗುರಿ ನೋಡುವ ನ್ಯಾವಿಗೇಟರ್ ಅಪಾಯ ಬಂದಾಗ ತೆವಳುತ್ತ ಬಾಗಿಲವರೆಗೆ ಬಂದು ಪ್ಯಾರಾಚೂಟ್‌ನೊಂದಿಗೆ ಜಿಗಿಯಬೇಕಿತ್ತು. ತಗ್ಗಿನಲ್ಲಿ ಹಾರುತ್ತಿರುವಾಗ ಅಷ್ಟು ಸಮಯ ಎಲ್ಲಿರುತ್ತದೆ? ಇದನ್ನು ತಿಳಿದೇ ಅವರು ರಾತ್ರಿ ರಾತ್ರಿ ಒಳಗೆ ಹೋಗಿ ಮಲಗುತ್ತಿದ್ದರು. ಫೋಟೊದಲ್ಲಿ ಆ ಮೂಗಿನ ಗಾಜು ಕಂಡಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ನಂತರದ್ದು ಜಗ್ ಮೋಹನ್ ನಾಥ್ ಅವರ ಕಥೆ. 106ನೇ ಸ್ಕ್ವಾಡ್ರನ್ನಿನ ಈ ಅಧಿಕಾರಿ 1962ರ ಯುದ್ಧಕ್ಕೆ ಮುಂಚಿನಿಂದಲೇ ಅಕ್ಸಾಯ್ ಚಿನ್ ಮತ್ತು ಟಿಬೆಟ್‌ನ ಮೇಲೆ ಕ್ಯಾನ್‌ಬೆರಾದಲ್ಲಿ ಹಾರಿ ಚೀನೀ ಸೇನೆಯ ರಸ್ತೆ, ಶಿಬಿರ, ಜಮಾವಣೆಗಳ ಚಿತ್ರ ತಂದರು. ಆ ಹಾರಾಟಗಳಿಗೆ ಅವರಿಗೆ ಮಹಾವೀರ ಚಕ್ರ ಬಂತು. 1965ರಲ್ಲಿ ಪಾಕಿಸ್ತಾನದ ಮೇಲೆ ಮಾಡಿದ ಅದೇ ಬಗೆಯ ಕೆಲಸಕ್ಕೆ ಎರಡನೇ ಬಾರಿ ಬಂತು. ಎರಡು ಮಹಾವೀರ ಚಕ್ರ ಪಡೆದವರು ದೇಶದಲ್ಲಿ ಬೆರಳೆಣಿಕೆಯಷ್ಟು ಜನ. ಇವರು ಪಡೆದದ್ದು ಬಾಂಬು ಹಾಕಿ ಅಲ್ಲ, ಚಿತ್ರ ತೆಗೆದು. ಚೀನಾ ತಯಾರಾಗಿರುವುದು ತಮ್ಮ ಚಿತ್ರಗಳಲ್ಲಿ ಸ್ಪಷ್ಟವಾಗಿತ್ತು, ಟಿಬೆಟ್‌ನಲ್ಲಿ ಅವರ ವಾಯುಬಲ ಕಾಣಿಸಲಿಲ್ಲ, ಭಾರತ ತನ್ನ ವಾಯುಪಡೆಯನ್ನು ಬಳಸಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ನಾಥ್ ಇಳಿವಯಸ್ಸಿನ ಸಂದರ್ಶನಗಳಲ್ಲಿ ಹೇಳಿದರು. 2023ರಲ್ಲಿ ಅವರು ತೀರಿಕೊಂಡರು. ಅವರ ಮಾತು ಉಳಿದಿದೆ. ಆದರೆ ಆ ಮಾತಿಗೆ ಸಾಕ್ಷಿಯಾದ ಚಿತ್ರಗಳ ಪೂರ್ಣ ಸಂಗ್ರಹ ಜನರ ಮುಂದೆ ಬಂದಿಲ್ಲ. 1962ರ ಸೋಲಿನ ಬಗ್ಗೆ ಸೇನೆಯೇ ನಡೆಸಿದ ಹೆಂಡರ್ಸನ್ ಬ್ರೂಕ್ಸ್ ವಿಚಾರಣೆಯ ವರದಿಯನ್ನೂ ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಪ್ರಾಣ ಒತ್ತೆಯಿಟ್ಟು ತಂದ ಚಿತ್ರವನ್ನು ಅಂದು ಬಳಸಲಿಲ್ಲ, ಇಂದು ತೋರಿಸುವುದೂ ಇಲ್ಲ ಎಂದರೆ ನನಗೆ ನಿಜಕ್ಕೂ ನೋವಾಗುತ್ತದೆ.

ಬಾಂಬರುಗಳ ಕೆಲಸವೂ ಕಡಿಮೆಯದಲ್ಲ. 1961ರಲ್ಲಿ ಆಗ್ರಾದ 5ನೇ ಸ್ಕ್ವಾಡ್ರನ್ನಿನ ಆರು ಕ್ಯಾನ್‌ಬೆರಾಗಳು ವಿಶ್ವಸಂಸ್ಥೆಯ ಪರವಾಗಿ ಕಾಂಗೋಗೆ ಹೋದವು. ಡಿಸೆಂಬರ್‌ನಲ್ಲಿ, ಕಾಂಗೋದಿಂದ ಬೇರೆಯಾಗಹೊರಟಿದ್ದ ಕಟಾಂಗಾ ಪ್ರಾಂತ್ಯದ ಕೋಲ್ವೇಜಿ ವಿಮಾನನೆಲೆಯ ಮೇಲೆ ದಾಳಿ ಮಾಡಿದವು. ಅದೇ ತಿಂಗಳ 18ರಂದು ಗೋವಾ ವಿಮೋಚನೆಯ ಕಾರ್ಯಾಚರಣೆ. ವಿಂಗ್ ಕಮಾಂಡರ್ ಎನ್.ಬಿ. ಮೆನನ್ ನೇತೃತ್ವದಲ್ಲಿ 12 ಕ್ಯಾನ್‌ಬೆರಾಗಳು ದಾಬೋಲಿಂ ರನ್‌ವೇ ಮೇಲೆ ಕೆಲವೇ ನಿಮಿಷಗಳಲ್ಲಿ 63,000 ಪೌಂಡ್ ಬಾಂಬು ಸುರಿದವು. ರನ್‌ವೇಗೆ ಮಾತ್ರ ಹೊಡೆಯಿರಿ, ಕಟ್ಟಡಗಳನ್ನು ಮುಟ್ಟಬೇಡಿ ಎಂಬ ಆದೇಶವಿತ್ತು, ಅದನ್ನು ಪಾಲಿಸಿದರು. ಅದೇ ಹೊತ್ತಿಗೆ ನಮ್ಮ ಬೆಳಗಾವಿಯ ಸಾಂಬ್ರಾದಿಂದ ಹಂಟರ್ ವಿಮಾನಗಳು ಮೇಲೇರಿದವು. ಇಂದು ಬೆಂಗಳೂರಿನಿಂದ ರಜೆಗೆಂದು ದಾಬೋಲಿಂನಲ್ಲಿ ಇಳಿಯುವವರು ಆ ರನ್‌ವೇ ಮೇಲೆಯೇ ಇಳಿಯುತ್ತಾರೆ.

ಚಿತ್ರವಿಲ್ಲದ ಕಡೆ ನೆನಪುಗಳು ಹೇಗೆ ಒಂದರೊಡನೊಂದು ಕಾದಾಡುತ್ತವೆ ಎನ್ನುವುದಕ್ಕೆ 1965ರ ಪೇಶಾವರ ದಾಳಿ ಸಾಕ್ಷಿ. ಸೆಪ್ಟೆಂಬರ್ 13ರ ರಾತ್ರಿ ಕ್ಯಾನ್‌ಬೆರಾಗಳು ಅಷ್ಟು ದೂರ ಹೋಗಿ ಬಾಂಬು ಹಾಕಿ ಮರಳಿದ್ದು ಸಾಹಸದ ಹಾರಾಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾಂಬುಗಳಿಂದ ಆದ ಹಾನಿ ಎಷ್ಟು? ಇಲ್ಲಿಯ ನೆನಪು ಒಂದು ಹೇಳುತ್ತದೆ. ಸಾಲಾಗಿ ನಿಂತಿದ್ದ ವಿಮಾನಗಳ ಪಕ್ಕದ ಮೆತ್ತನೆ ಮಣ್ಣಿನಲ್ಲಿ ದೊಡ್ಡ ಬಾಂಬು ಹೂತುಹೋಗಿ ತಾವು ಪಾರಾದೆವೆಂದು ಗಡಿಯಾಚೆಯವರು ಹೇಳುತ್ತಾರೆ. ಹಾಗೆ ಸಾಲಾಗಿ ನಿಂತಿದ್ದವೂ ಕ್ಯಾನ್‌ಬೆರಾದ ಒಡಹುಟ್ಟುಗಳೇ, ಅಮೆರಿಕದ ಮಾರ್ಟಿನ್ ಕಂಪನಿ ಪರವಾನಗಿ ಪಡೆದು ಕಟ್ಟಿದ ಬಿ-57ಗಳು. ಒಂದೇ ನಕ್ಷೆಯ ವಿಮಾನಗಳು ಎರಡೂ ಕಡೆಯಿಂದ ಹೊರಟು ರಾತ್ರಿಯ ಕತ್ತಲಲ್ಲಿ ಒಬ್ಬರ ನೆಲೆಯನ್ನು ಇನ್ನೊಬ್ಬರು ಹುಡುಕಿದವು. 1971ರಲ್ಲಿ ಕರಾಚಿಯ ಎಣ್ಣೆ ಟ್ಯಾಂಕುಗಳ ಮೇಲಿನ ದಾಳಿಯ ಹೊತ್ತಿಗೆ ಬಾಂಬರ್ ಆಗಿ ಕ್ಯಾನ್‌ಬೆರಾಕ್ಕೆ ವಯಸ್ಸಾಗಿತ್ತು.

ಕ್ಯಾಮೆರಾ ಹೊತ್ತ ಕ್ಯಾನ್‌ಬೆರಾ ಮಾತ್ರ ಮುಂದುವರಿಯಿತು. 1999ರ ಮೇ 21ರಂದು, ಕಾರ್ಗಿಲ್‌ನಲ್ಲಿ ವಾಯುಪಡೆ ದಾಳಿ ಆರಂಭಿಸುವ ಮೊದಲೇ, ಬೆಟ್ಟಸಾಲಿನ ಚಿತ್ರ ತೆಗೆಯುತ್ತಿದ್ದ ಒಂದು ಕ್ಯಾನ್‌ಬೆರಾದ ಎಂಜಿನ್ನಿಗೆ ಕ್ಷಿಪಣಿ ಬಡಿಯಿತು. ಉಳಿದ ಒಂದೇ ಎಂಜಿನ್ನಿನಲ್ಲಿ ಅದು ಶ್ರೀನಗರಕ್ಕೆ ಬಂದಿಳಿಯಿತು. ಅದು ಏವನ್ ಎಂಜಿನ್. ಮಾವ ಆಗ ನಿವೃತ್ತರಾಗಿದ್ದರು. ಸುದ್ದಿ ಓದಿ ಪತ್ರಿಕೆ ಮಡಿಸಿಟ್ಟು, ‘ಇನ್ನೊಂದು ಕೈಬಿಡಲಿಲ್ಲ ನೋಡು’ ಎಂದರು. ಅವರ ಧ್ವನಿಯಲ್ಲಿ ಅಷ್ಟು ಹೆಮ್ಮೆಯನ್ನು ನಾನು ಮುಂಚೆ ಕೇಳಿರಲಿಲ್ಲ. ಎರಡು ವರ್ಷಗಳ ಬಳಿಕ, 2001ರ ಅಕ್ಟೋಬರ್‌ನಲ್ಲಿ ಇಸ್ರೊ ಹಾರಿಸಿದ ಟಿಇಎಸ್ ಉಪಗ್ರಹ ಒಂದು ಮೀಟರ್ ಗಾತ್ರದ ವಸ್ತುವನ್ನೂ ಗುರುತಿಸಬಲ್ಲ ಕಣ್ಣು ಹೊಂದಿತ್ತು. ಕ್ಯಾನ್‌ಬೆರಾದ ಕೆಲಸ ಮೆಲ್ಲಗೆ ಅಂತರಿಕ್ಷಕ್ಕೆ ಏರಿತು. ಬ್ರಿಟನ್ 2006ರ ಜುಲೈನಲ್ಲಿ ತನ್ನ ಕೊನೆಯ ಕ್ಯಾನ್‌ಬೆರಾಗಳನ್ನು ನಿಲ್ಲಿಸಿತು. ಭಾರತ ಆಗ್ರಾದಲ್ಲಿ 2007ರ ಮೇ 11ರಂದು ಬೀಳ್ಕೊಟ್ಟಿತು. ತಯಾರಿಸಿದ ದೇಶ ನಿಲ್ಲಿಸಿದ ಮೇಲೂ ನಾವು ಹಾರಿಸಿದೆವು.

ಇಷ್ಟು ದೀರ್ಘ ಸೇವೆಯ ವಿಮಾನಕ್ಕೆ ಬ್ರಿಟನ್ನಿನಲ್ಲಿ ಸಾವಿರಾರು ಫೋಟೊಗಳಿವೆ. ಅಲ್ಲಿ ವಿಮಾನನೆಲೆಯ ಬೇಲಿಯ ಹೊರಗೆ ನಿಂತು ಚಿತ್ರ ತೆಗೆಯುವುದು ಮಕ್ಕಳಿಂದ ಮುದುಕರವರೆಗಿನ ಹವ್ಯಾಸ. ನಮ್ಮಲ್ಲಿ 1923ರ ಅಧಿಕೃತ ರಹಸ್ಯ ಕಾಯ್ದೆ ಒಂದು ಕಡೆ, ಅನುಮತಿಯಿಲ್ಲದೆ ವಿಮಾನನಿಲ್ದಾಣದಲ್ಲಿ ಚಿತ್ರ ತೆಗೆಯುವುದನ್ನು ತಡೆದ 1937ರ ವಿಮಾನ ನಿಯಮಗಳು ಇನ್ನೊಂದು ಕಡೆ. ಎರಡೂ ಬ್ರಿಟಿಷರೇ ಬರೆದವು. ಅವರ ಊರಿನ ಜನ ಕ್ಯಾಮೆರಾ ಎತ್ತಿದರು, ನಮ್ಮ ಜನ ಹೆದರಿ ಕೈ ಕಟ್ಟಿ ನಿಂತರು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ಸುತ್ತ ಬೆಳೆದವರಿಗೆಲ್ಲ ವಿಮಾನಗಳ ಸದ್ದು ನೆನಪಿದೆ, ಚಿತ್ರ ಯಾರ ಬಳಿಯೂ ಇಲ್ಲ. 1996ರಲ್ಲಿ ಯಲಹಂಕದಲ್ಲಿ ಏರೊ ಇಂಡಿಯಾ ಆರಂಭವಾದ ಮೇಲೆಯೇ ಸಾಮಾನ್ಯ ಜನ ಯುದ್ಧವಿಮಾನದ ಕಡೆಗೆ ಧೈರ್ಯವಾಗಿ ಕ್ಯಾಮೆರಾ ತಿರುಗಿಸಿದ್ದು. ಅಷ್ಟರಲ್ಲಿ ಕ್ಯಾನ್‌ಬೆರಾದ ಯೌವನ ಮುಗಿದುಹೋಗಿತ್ತು.

ರಹಸ್ಯ ಬೇಡವೆಂದು ನಾನು ಹೇಳುತ್ತಿಲ್ಲ. ಹಾರುತ್ತಿರುವ ವಿಮಾನದ ಗುಟ್ಟು ಗುಟ್ಟಾಗಿಯೇ ಇರಬೇಕು. ಆದರೆ ವಸ್ತುಸಂಗ್ರಹಾಲಯ ಸೇರಿದ ವಿಮಾನದಲ್ಲಿ ಕಾಪಾಡುವಂಥದ್ದು ಏನು ಉಳಿದಿದೆ? ರಕ್ಷಣಾ ಸಚಿವಾಲಯ 2021ರ ಜೂನ್‌ನಲ್ಲಿ ಹೊಸ ನೀತಿ ಪ್ರಕಟಿಸಿ, ಸೇನಾ ದಾಖಲೆಗಳನ್ನು ಸಾಮಾನ್ಯವಾಗಿ 25 ವರ್ಷಗಳಲ್ಲಿ ಮುಕ್ತಗೊಳಿಸಬೇಕೆಂದಿತು. ಆ ಲೆಕ್ಕದಲ್ಲಿ 1971ರವರೆಗಿನ ಕ್ಯಾನ್‌ಬೆರಾದ ಯುದ್ಧಗಳೆಲ್ಲ ಯಾವತ್ತೋ ಅವಧಿ ಮೀರಿವೆ. ದಾಖಲೆ ಹೊರಬರಲೆಂದು ಕಾಯುವಷ್ಟರಲ್ಲಿ ಆ ಚಿತ್ರಗಳಲ್ಲಿರುವ ಮುಖಗಳನ್ನು ಗುರುತಿಸಬಲ್ಲವರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ನನ್ನ ಅವಸರ ಅದಕ್ಕೆ.

ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಒಂದು ಕ್ಯಾನ್‌ಬೆರಾ ನಿಂತಿದೆ. ಮಾವನ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರನ್ನು ಹುಡುಕಿ ಅಲ್ಲಿಗೆ ಕರೆದುಕೊಂಡು ಹೋದೆ. ಎಂಬತ್ತು ದಾಟಿದವರು. ರೆಕ್ಕೆಯ ಕೆಳಗೆ ಬಗ್ಗಿ ಎಂಜಿನ್ನಿನ ಬಾಯಿಯತ್ತ ಕೈ ತೋರಿಸಿದರು. ‘ಇಲ್ಲಿ ಸಿಡಿಮದ್ದಿನ ಕಾರ್ಟ್ರಿಜ್ ಹಾಕುತ್ತಿದ್ದೆವು. ಅದು ಉರಿದ ಅನಿಲಕ್ಕೆ ಎಂಜಿನ್ ತಿರುಗಲು ಶುರುವಾಗುತ್ತಿತ್ತು. ಢಮ್ ಎಂದು ಸದ್ದು, ಕಪ್ಪು ಹೊಗೆ. ಹೊಸದಾಗಿ ಬಂದವರು ಬೆಂಕಿ ಬಿತ್ತೆಂದು ಓಡಿಬಿಡುತ್ತಿದ್ದರು’ ಎಂದರು. ನಾನು ಆ ಹಳೆಯ ಫೋಟೊವನ್ನು ಹೊರತೆಗೆದು ಅವರ ಕೈಗಿಟ್ಟೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದರು. ಹಿಂದಿನ ಸಾಲಿನಲ್ಲಿ ಎಡದಿಂದ ನಾಲ್ಕನೆಯವರ ಮೇಲೆ ಬೆರಳಿಟ್ಟು, ‘ಇದು ನಾನು’ ಎಂದರು. ನಾನು ಗುರುತಿಸಿರಲಿಲ್ಲ. ಆಮೇಲೆ ಒಂದೊಂದೇ ಹೆಸರು ಹೇಳಿದರು. ನಾನು ಹಿಂಬದಿಯಲ್ಲಿ, ಮೊಹರಿನ ಕೆಳಗೆ, ಪೆನ್ಸಿಲಿನಲ್ಲಿ ಬರೆಯುತ್ತ ಹೋದೆ. ಹದಿನೇಳರಲ್ಲಿ ಹನ್ನೊಂದು ಹೆಸರು ಸಿಕ್ಕಿದವು. ಮುಂದಿನ ಸಾಲಿನಲ್ಲಿ ಮಂಡಿಯೂರಿ ಕುಳಿತು ನಗುತ್ತಿರುವ ಹುಡುಗನ ಹೆಸರು ಅವರಿಗೆ ನಾಲಿಗೆ ತುದಿಯವರೆಗೆ ಬಂದು ನಿಂತಿತು. ರಾತ್ರಿ ನೆನಪಾದರೆ ಫೋನ್ ಮಾಡುತ್ತೇನೆ ಎಂದು ಹೇಳಿ ಆಟೊ ಹತ್ತಿದರು.