ಓದುಗರ ಪ್ರಶ್ನೆ: ಬಳ್ಳಾರಿಯ ಬಿಜೆಪಿ ಲೀಡರ್ ಶ್ರೀರಾಮುಲು ಯಾಕ್ರೀ ಪದೇ ಪದೇ ಕ್ಷೇತ್ರ ಬದಲಾಯಿಸ್ತಾರೆ?

ಎಲೆಕ್ಷನ್ ಬಂತಂದ್ರೆ ಬಳ್ಳಾರಿಯಲ್ಲಿ ವಗ್ಗರಣಿ ಮಿರ್ಚಿ ತಿನ್ನೋ ಹೊತ್ನಾಗೂ ಇದೇ ಮಾತು, ಸೋಲೋ ಭಯಕ್ಕೆ ಓಡ್ತಾರೆ ಅಂತ ಒಬ್ರು, ಹೈಕಮಾಂಡ್ ಕಳಿಸ್ತು ಅಂತ ಇನ್ನೊಬ್ರು. ಆದ್ರೆ ಮೊದಲ್ನೇ ಬದಲಾವಣೆಗೆ ಇವೆರಡೂ ಕಾರಣ ಅಲ್ಲ.

1999ರಲ್ಲಿ ಬಳ್ಳಾರಿಯಲ್ಲಿ ನಿಂತು ಸೋತ್ರು, 2004ರಲ್ಲಿ ಅಲ್ಲೇ ಬಿಜೆಪಿಯಿಂದ ಗೆದ್ರು. 2008ರ ಹೊತ್ತಿಗೆ ಕ್ಷೇತ್ರ ಮರುವಿಂಗಡಣೆ ಆಗಿ ಬಳ್ಳಾರಿ ನಗರ ಜನರಲ್ ಆಯ್ತು, ಬಳ್ಳಾರಿ ಗ್ರಾಮೀಣ ಎಸ್ಟಿ ಮೀಸಲು ಆಯ್ತು. ಗ್ರಾಮೀಣ ಅಂದ್ರೆ ಬರೀ ಹಳ್ಳಿ ಅನ್ಕೋಬೇಡಿ, ಊರೊಳಗಿನ ಕೌಲ್‌ಬಜಾರ್ ಮಂದಿ ವೋಟ್ ಹಾಕೋದೂ ಅದಕ್ಕೇ. ವಾಲ್ಮೀಕಿ ನಾಯಕ ಸಮುದಾಯದ ಶ್ರೀರಾಮುಲು ಗ್ರಾಮೀಣಕ್ಕೆ ಹೋದ್ರು, ಗೆದ್ರು, ಯಡಿಯೂರಪ್ಪ ಸರ್ಕಾರದಾಗೆ ಆರೋಗ್ಯ ಮಂತ್ರಿನೂ ಆದ್ರು.

2011ರಲ್ಲಿ ಬದಲಾಗಿದ್ದು ಪಾರ್ಟಿ, ಕ್ಷೇತ್ರ ಅಲ್ಲ. ರಾಜೀನಾಮೆ ಕೊಟ್ಟು ಅದೇ ಗ್ರಾಮೀಣದಲ್ಲಿ ಪಕ್ಷೇತರರಾಗಿ ಗೆದ್ರು, ಬಿಎಸ್‌ಆರ್ ಕಾಂಗ್ರೆಸ್ ಕಟ್ಟಿದ್ರು, 2013ಕ್ಕೆ ಅದಕ್ಕೆ ಬಂದಿದ್ದು 4 ಸೀಟು. 2014ಕ್ಕೆ ವಾಪಸ್ ಬಿಜೆಪಿ, ಬಳ್ಳಾರಿ ಎಂಪಿ.

ಜನ ಕೇಳ್ತಿರೋದು ನಿಜವಾಗ್ಲೂ 2018ರ ಬಗ್ಗೆ. ಈಗಿನ ಬಳ್ಳಾರಿ ಜಿಲ್ಲೆಯ 5 ವಿಧಾನಸಭಾ ಕ್ಷೇತ್ರದಾಗೆ 4 ಎಸ್ಟಿ ಮೀಸಲೇ, ಸೀಟಿಗೇನೂ ಬರ ಇರ್ಲಿಲ್ಲ. ಆದ್ರೂ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರಿಗೆ ಹೋದ್ರು, ಜೊತೆಗೆ ಸಿದ್ದರಾಮಯ್ಯ ವಿರುದ್ಧ ಬಾದಾಮಿಯಲ್ಲೂ ನಿಂತ್ರು, ಕಾನೂನಲ್ಲಿ ಎರಡು ಕಡೆ ನಿಲ್ಲೋಕೆ ಅವಕಾಶ ಐತೆ. ಬಾದಾಮಿ ಹೋಗಿದ್ದು ಬರೀ 1,696 ವೋಟಲ್ಲಿ. ಮೊಳಕಾಲ್ಮೂರು ಸಿಕ್ತು, ಆದ್ರೆ ಎಂಪಿನೂ ಎಂಎಲ್ಎನೂ ಎರಡೂ ಆಗಿರೋಕೆ ಆಗಲ್ವಲ್ಲ, ಎಂಪಿ ಸ್ಥಾನ ಬಿಟ್ರು, ಲೋಕಸಭೆ ಎಲೆಕ್ಷನ್ನಿಗೆ ಇನ್ನೇನು ಆರು ತಿಂಗಳು ಇರೋವಾಗ ನವೆಂಬರ್‌ನಾಗೆ ಬಳ್ಳಾರಿಗೆ ಬೈಎಲೆಕ್ಷನ್ ಬಂತು. ಅವರ ತಂಗಿ ಜೆ. ಶಾಂತಾ ನಿಂತ್ರು, ಕಾಂಗ್ರೆಸ್ಸಿನ ಉಗ್ರಪ್ಪ 2 ಲಕ್ಷಕ್ಕೂ ಜಾಸ್ತಿ ವೋಟಲ್ಲಿ ಗೆದ್ರು. ನನ್ ಪ್ರಕಾರ ಜನಕ್ಕೆ ಸಿಟ್ಟು ಬಂದಿದ್ದೇ ಇಲ್ಲಿ, ಬೇಕಿಲ್ದೇ ಇರೋ ಎಲೆಕ್ಷನ್ ತಲೆ ಮೇಲೆ ಹಾಕಿದ್ರು ಅಂತ.

ಆಮೇಲೆ 2019ರಲ್ಲಿ ಮತ್ತೆ ಆರೋಗ್ಯ, ಕೋವಿಡ್ ನಡುವೆ ಸಮಾಜ ಕಲ್ಯಾಣ, ಬೊಮ್ಮಾಯಿ ಕಾಲಕ್ಕೆ ಸಾರಿಗೆ. 2023ಕ್ಕೆ ತಿರುಗಿ ಬಳ್ಳಾರಿ ಗ್ರಾಮೀಣಕ್ಕೆ ಬಂದ್ರು, ಬಿ. ನಾಗೇಂದ್ರ ಎದುರು ಸೋತ್ರು. 2024ರ ಲೋಕಸಭೆಯಲ್ಲಿ ಇ. ತುಕಾರಾಂ ಸೋಲಿಸಿದ್ರು.

ಅಂದಂಗೆ ಈ ಚಟ ಒಬ್ರದ್ದೇ ಅಲ್ರೀ. ತುಕಾರಾಂ ಆಗ ಸಂಡೂರು ಎಂಎಲ್ಎ, ಎಂಪಿ ಆದ ಮೇಲೆ ಅಲ್ಲೂ ಬೈಎಲೆಕ್ಷನ್, ನಿಂತು ಗೆದ್ದಿದ್ದು ಅವರ ಹೆಂಡ್ತಿ ಅನ್ನಪೂರ್ಣ.