ಹಳೆಯ ಹಾಯಿ, ಹಳೆಯ ಬೋರ್ಡು: ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು?

ಬಳಸಿದ ವಿಂಡ್‌ಸರ್ಫಿಂಗ್ (ಹಾಯಿ ಕಟ್ಟಿದ ಬೋರ್ಡಿನ ಮೇಲೆ ನಿಂತು ಗಾಳಿಯ ಬಲದಿಂದ ನೀರಿನ ಮೇಲೆ ಸಾಗುವ ಆಟ) ಸಾಮಾನು ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ "ಎಷ್ಟು ವರ್ಷ ಹಳೆಯದು?" ನನ್ನ ಮಟ್ಟಿಗೆ ಇದು ತೀರಾ ಕಡಿಮೆ ಪ್ರಯೋಜನದ ಪ್ರಶ್ನೆ. ನೆರಳಿನಲ್ಲಿ ಸುತ್ತಿಟ್ಟ ಹದಿನೈದು ವರ್ಷದ ಹಾಯಿ ಇನ್ನೂ ಗಟ್ಟಿಮುಟ್ಟಾಗಿರಬಹುದು. ದಿನವಿಡೀ ಬಿಸಿಲಿಗೆ ಹರವಿಟ್ಟ ಹಾಯಿ ಎರಡೇ ವರ್ಷಕ್ಕೆ ಗರಿಗರಿಯಾಗಿ ಬಿರಿಯಬಹುದು. ಬೋರ್ಡು, ಅದರ ತಳದ ಹಿಂಭಾಗದಲ್ಲಿ ರೆಕ್ಕೆಯಂತಿರುವ ಫಿನ್, ಹಾಯಿ ನಿಲ್ಲಿಸುವ ಕಂಬವಾದ ಮಾಸ್ಟ್, ಸವಾರ ಹಿಡಿಯುವ ಅಡ್ಡಕೋಲಾದ ಬೂಮ್, ಹಾಯಿ, ಮಾಸ್ಟನ್ನು ಬೋರ್ಡಿಗೆ ಸೇರಿಸುವ ಪುಟ್ಟ ಕೀಲು, ಎಲ್ಲವೂ ಬೇರೆಬೇರೆ ವಸ್ತುಗಳಿಂದಾದವು, ಮತ್ತು ಹಾಳಾಗುವ ಬಗೆಯೂ ಬೇರೆಬೇರೆ. ಇದು ಯಾವುದರಿಂದ ಮಾಡಿದ್ದು, ಆ ವಸ್ತುವನ್ನು ಕೆಡಿಸುವುದು ಯಾವುದು ಎಂದು ಕೇಳಿದರೆ ಮಾರಬೇಕೋ, ಇಟ್ಟುಕೊಳ್ಳಬೇಕೋ, ಎಸೆಯಬೇಕೋ ಎಂಬುದು ತಾನಾಗಿ ತಿಳಿಯುತ್ತ ಹೋಗುತ್ತದೆ.

ಮೊದಲು ಬೋರ್ಡು. ಇಂದಿನ ಹೆಚ್ಚಿನ ಬೋರ್ಡುಗಳ ಒಳಗಿರುವುದು ನಾವು ಥರ್ಮಾಕೋಲ್ ಎನ್ನುವ ಅದೇ ಬಿಳಿ ಪಾಲಿಸ್ಟೈರೀನ್ ನೊರೆ. ಅದರ ಗಾತ್ರದಲ್ಲಿ ಶೇ 98ರಷ್ಟು ಬರೀ ಗಾಳಿ. 110 ಲೀಟರ್ ಗಾತ್ರದ ಬೋರ್ಡಿನ ಇಡೀ ತಿರುಳು ತೂಗುವುದು ಎರಡು ಕಿಲೊ ಆಸುಪಾಸು. ಉಳಿದ ಐದಾರು ಕಿಲೊ ಹೊರಕವಚದ್ದು: ಗಾಜಿನ ನಾರು, ಅದರ ಮೇಲೆ ಗಟ್ಟಿಯಾದ ಪಿವಿಸಿ ನೊರೆಯ ತೆಳುಹಾಳೆ, ಮತ್ತೆ ಗಾಜಿನ ಅಥವಾ ಕಾರ್ಬನ್ ನಾರು, ಎಲ್ಲವನ್ನೂ ಹಿಡಿದಿಡುವ ಎಪಾಕ್ಸಿ ಎಂಬ ಅಂಟುರಾಳ. ಸವಾರನ ಭಾರವನ್ನೂ ಅಲೆಯ ಹೊಡೆತವನ್ನೂ ತಾಳಿಕೊಳ್ಳುವುದು ಈ ಕವಚವೇ. ಕವಚದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗಿಳಿದು, ಥರ್ಮಾಕೋಲ್ ಮಣಿಗಳ ನಡುವಿನ ಸಂದುಗಳಲ್ಲಿ ದೂರದೂರಕ್ಕೆ ಹರಿದುಬಿಡುತ್ತದೆ.

ನೀರು ಒಳಹೋಗುವ ಕ್ರಮವೂ ಕುತೂಹಲದ್ದೇ. ಬೋರ್ಡು ಬಿಸಿಲಿನಲ್ಲಿ ಕಾಯುತ್ತದೆ, ಒಳಗಿನ ಗಾಳಿ ಹಿಗ್ಗಿ ಬಿರುಕಿನ ಮೂಲಕ ಹೊರಬೀಳುತ್ತದೆ. ಆಮೇಲೆ ಬೋರ್ಡನ್ನು ತಣ್ಣನೆಯ ನೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಅದೇ ಬಿರುಕಿನಿಂದ ನೀರನ್ನು ಎಳೆದುಕೊಳ್ಳುತ್ತದೆ. ಬಿರುಕಿಲ್ಲದ, ಎಲ್ಲ ಕಡೆ ಮುಚ್ಚಿದ ಬೋರ್ಡಿನ ಕಷ್ಟವೇ ಬೇರೆ. 20 ಡಿಗ್ರಿಯಿಂದ 50 ಡಿಗ್ರಿಗೆ ಕಾದರೆ ಒಳಗಿನ ಒತ್ತಡ ಶೇ 10ರಷ್ಟು ಏರುತ್ತದೆ. ಕೇಳಲು ಸಣ್ಣ ಸಂಖ್ಯೆ. ಆದರೆ ಒಂದೂವರೆ ಚದರ ಮೀಟರ್ ಡೆಕ್ಕಿನ (ಬೋರ್ಡಿನ ಮೇಲ್ಮೈ) ಮೇಲೆ ಅದನ್ನು ಲೆಕ್ಕ ಹಾಕಿದರೆ ಒಳಗಿನಿಂದ ಹೊರಕ್ಕೆ ಸುಮಾರು ಒಂದೂವರೆ ಟನ್ ಭಾರದಷ್ಟು ಬಲ! ಬೋರ್ಡಿನ ಮೇಲೆ ಗಾಳಿತಿರುಪು (ಒಳಗಿನ ಗಾಳಿ ಹೊರಬಿಡುವ ತಿರುಪುಮೊಳೆ) ಇಟ್ಟಿರುವುದು ಇದಕ್ಕಾಗಿಯೇ. ವಿಮಾನದಲ್ಲಿ ಸಾಗಿಸುವಾಗ ಅದನ್ನು ಸಡಿಲಿಸಬೇಕು, ನೀರಿಗಿಳಿಯುವ ಮುನ್ನ ಮರೆಯದೆ ಬಿಗಿಯಬೇಕು.

ಹಳೆಯ ಬೋರ್ಡನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಫುಟ್‌ಸ್ಟ್ರ್ಯಾಪ್‌ಗಳ (ಪಾದ ತೂರಿಸುವ ಪಟ್ಟಿಗಳು) ಸುತ್ತ, ಹಿಮ್ಮಡಿ ಊರುವ ಜಾಗದಲ್ಲಿ ಎರಡೂ ಹೆಬ್ಬೆರಳಿಟ್ಟು ಬಲವಾಗಿ ಒತ್ತಿ ನೋಡಿ. ಒಳ್ಳೆಯ ಬೋರ್ಡು ಕಲ್ಲಿನಂತೆ ನಿಲ್ಲುತ್ತದೆ. ಅಲ್ಲಿ ಮೇಲ್ಮೈ ಒಳಸರಿದು, ಬೆರಳು ತೆಗೆದ ಕೂಡಲೇ ಟಕ್ಕೆಂದು ಮೇಲೆ ಬಂದರೆ ಕವಚ ತಿರುಳಿನಿಂದ ಬಿಟ್ಟಿದೆ ಎಂದರ್ಥ. ಆಮೇಲೆ ಬೆರಳ ಗೆಣ್ಣಿನಿಂದ ಅಂಗುಲ ಅಂಗುಲಕ್ಕೂ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಇದ್ದಕ್ಕಿದ್ದಂತೆ ಮಂಕಾಗುವ ಕಡೆ ನಿಲ್ಲಿ. ಮಾಸ್ಟ್ ಕೂರುವ ತೋಡಿನ ಸುತ್ತ, ಫಿನ್ ಕೂರುವ ಪೆಟ್ಟಿಗೆಯ ಅಂಚಿನಲ್ಲಿ, ಸಂಬಂಧವಿಲ್ಲದ ಜಾಗದಲ್ಲಿ ಅಂಟಿಸಿದ ಸ್ಟಿಕ್ಕರಿನ ಕೆಳಗೆ ಕಣ್ಣಿಟ್ಟು ನೋಡಿ. ಕೊನೆಗೆ ತೂಗಿ. ತಯಾರಕರು ಹೇಳಿದ್ದಕ್ಕಿಂತ ಎರಡು ಕಿಲೊ ಹೆಚ್ಚಿದ್ದು, ದೊಡ್ಡ ರಿಪೇರಿಯ ಗುರುತೂ ಇಲ್ಲದಿದ್ದರೆ ಒಳಗೆ ಸುಮಾರು ಎರಡು ಲೀಟರ್ ನೀರಿದೆ ಎಂದುಕೊಳ್ಳಬಹುದು. ಅಂಥ ಬೋರ್ಡನ್ನು ಒಣಗಿಸಲು ತಿಂಗಳುಗಟ್ಟಲೆ ಬೇಕು. ಚಿಕ್ಕ ಗಾಯವಾದರೆ ಒಣಗಿಸಿ ಎಪಾಕ್ಸಿಯಿಂದ ಮುಚ್ಚುವುದು ಸುಲಭ. ಪಾಲಿಯೆಸ್ಟರ್ ರಾಳವನ್ನು ಮಾತ್ರ ಹತ್ತಿರ ತರಬೇಡಿ. ಅದರಲ್ಲಿರುವ ಸ್ಟೈರೀನ್ ಥರ್ಮಾಕೋಲನ್ನು ಕರಗಿಸಿ, ಚಿಕ್ಕ ತೂತನ್ನು ಗುಳಿಯಾಗಿಸುತ್ತದೆ.

ಹಾಯಿಯ ಶತ್ರು ಬಿಸಿಲು. ಪಾರದರ್ಶಕ ಹಾಯಿಗಳಲ್ಲಿ ಇರುವುದು ಪಾಲಿಯೆಸ್ಟರ್ ಹಾಳೆ, ನೀರಿನ ಬಾಟಲಿ ಮಾಡುವ ಪ್ಲಾಸ್ಟಿಕ್ಕೇ ಎಳೆದು ಬಲಪಡಿಸಿದ ರೂಪದಲ್ಲಿ. ಅತಿನೇರಳೆ ಕಿರಣ ಬಿದ್ದಾಗ ಅದರ ಉದ್ದನೆಯ ಅಣುಸರಪಳಿಗಳು ತುಂಡಾಗುತ್ತ ಹೋಗುತ್ತವೆ. ಹೊರನೋಟಕ್ಕೆ ಮೊದಲು ಏನೂ ಕಾಣದು. ನಂತರ ಹಾಳೆ ಹಾಲುಬಣ್ಣಕ್ಕೆ ತಿರುಗುತ್ತದೆ, ಮಡಿಸಿದರೆ ಒಣ ಎಲೆಯ ಸದ್ದು ಬರುತ್ತದೆ. ಒಂದು ದಿನ ಹಾಯಿಯ ಮೇಲೆ ಬಿದ್ದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸೀಳಿಹೋಗುತ್ತದೆ. ಎರಡು ಹಾಳೆಗಳ ನಡುವೆ ದಾರದ ಜಾಲವಿರುವ ಹಾಯಿಯಲ್ಲಿ ಸೀಳು ದಾರದ ಬಳಿ ನಿಲ್ಲುತ್ತದೆ, ಹಾಗಾಗಿ ಬಳಸಿದ ಹಾಯಿ ಕೊಳ್ಳುವಾಗ ನಾನು ಅದಕ್ಕೇ ಹೆಚ್ಚು ಬೆಲೆ ಕಟ್ಟುತ್ತೇನೆ. ಒಂದೇ ಹಾಳೆ ಹಾಳಾಗಿ ಉಳಿದೆಲ್ಲ ಚೆನ್ನಾಗಿದ್ದರೆ ಆ ಹಾಳೆಯನ್ನಷ್ಟೇ ಬದಲಿಸಿ ಹೊಲಿಸಬಹುದು. ಎಲ್ಲ ಹಾಳೆಗಳೂ ಗರಿಗರಿಯಾಗಿದ್ದರೆ ಹೊಲಿಗೆಯ ತೂತುಗಳಲ್ಲೇ ಮತ್ತೆ ಹರಿಯುತ್ತದೆ, ಖರ್ಚು ದಂಡ.

ಮಾಸ್ಟಿನಲ್ಲಿ ಬಿರುಕು ಹುಡುಕಬೇಕಾದ್ದು ಬೂಮ್ ಕಚ್ಚುವ ಜಾಗದಲ್ಲಿ. ಕಾರ್ಬನ್ ನಾರು ಬಾಗಿ ಎಚ್ಚರಿಸುವ ಜಾತಿಯದ್ದಲ್ಲ, ಹೋದರೆ ಒಮ್ಮೆಲೇ ಹೋಗುತ್ತದೆ. ಇನ್ನೊಂದು ತೊಂದರೆ ಬ್ಯಾಟರಿಯ ತತ್ತ್ವದ್ದು. ಕಾರ್ಬನ್ ಮಾಸ್ಟಿನೊಳಗೆ ಅಲ್ಯೂಮಿನಿಯಂ ಎಕ್ಸ್‌ಟೆನ್ಷನ್ (ಮಾಸ್ಟಿನ ಉದ್ದ ಹೆಚ್ಚಿಸುವ ಕೊಳವೆ) ಕೂತಿರುತ್ತದೆ, ನಡುವೆ ಉಪ್ಪುನೀರು. ವಿದ್ಯುತ್ ಹರಿಯಲು ಇಷ್ಟು ಸಾಕು, ಸವೆಯುವ ಸರದಿ ಅಲ್ಯೂಮಿನಿಯಮ್ಮಿನದು. ಹುಟ್ಟುವ ಬಿಳಿ ಪುಡಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎರಡೂ ಕೊಳವೆ ಒಂದಕ್ಕೊಂದು ಕಚ್ಚಿಕೊಂಡುಬಿಡುತ್ತವೆ. ಪ್ರತಿ ಸಲವೂ ಬಿಚ್ಚಿ ಸಿಹಿನೀರಿನಲ್ಲಿ ತೊಳೆದವರ ಸಾಮಾನಿಗೂ ಹಾಗೇ ಬಿಟ್ಟವರ ಸಾಮಾನಿಗೂ ಇರುವ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅಲ್ಯೂಮಿನಿಯಂ ಬೂಮಿನ ಉದ್ದ ಹೊಂದಿಸುವ ತೂತುಗಳ ಸುತ್ತಲೂ ಇದೇ ಬಿಳಿ ಪುಡಿಯನ್ನು ಹುಡುಕಿ.

ಈಗ ಆ ಕೀಲು. ಕ್ಯಾಲಿಫೋರ್ನಿಯಾದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ 1968ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ವಿನ್ಯಾಸದ ಜೀವಾಳವೇ ಇದು: ಮಾಸ್ಟ್ ಯಾವ ದಿಕ್ಕಿಗಾದರೂ ವಾಲಬಲ್ಲದು, ಆದ್ದರಿಂದ ಚುಕ್ಕಾಣಿಯೇ ಇಲ್ಲದೆ ಹಾಯಿಯನ್ನು ಹಿಂದೆ ಮುಂದೆ ಓಲಿಸಿ ದಿಕ್ಕು ಬದಲಿಸಬಹುದು. ಇಂದು ಆ ಜಾಗದಲ್ಲಿ ಪಾಲಿಯುರೆಥೇನ್ ತುಂಡೋ ರಬ್ಬರಿನ ಡಮರುವೋ ಇರುತ್ತದೆ. ರಬ್ಬರು ನಿಧಾನವಾಗಿ ಹರಿಯುತ್ತ ಮುನ್ಸೂಚನೆ ಕೊಡುತ್ತದೆ. ಪಾಲಿಯುರೆಥೇನ್ ಅಷ್ಟು ಪ್ರಾಮಾಣಿಕವಲ್ಲ. ಅದನ್ನು ಬಿಚ್ಚಿ ಕೈಯಲ್ಲಿ 90 ಡಿಗ್ರಿಗೆ ಬಗ್ಗಿಸಿ, ಹಿಗ್ಗಿದ ಹೊರಬದಿಯನ್ನು ಬೆಳಕಿಗೆ ಹಿಡಿದು ನೋಡಿ. ನೇರ ನಿಂತಾಗ ಮುಚ್ಚಿಕೊಂಡಿರುವ ಸೂಕ್ಷ್ಮ ಬಿರುಕುಗಳು ಆಗ ಬಾಯಿ ತೆರೆಯುತ್ತವೆ. ದಡದಿಂದ ದೂರದಲ್ಲಿ ಇದು ತುಂಡಾದರೆ ಸವಾರನ ಕೈಯಲ್ಲಿ ಹಾಯಿ ಉಳಿಯುತ್ತದೆ, ಬೋರ್ಡು ಗಾಳಿಯ ಪಾಲಾಗುತ್ತದೆ. ಆದ್ದರಿಂದ ಬಳಸಿದ ಸೆಟ್ ಎಷ್ಟೇ ಚೆನ್ನಾಗಿ ಕಂಡರೂ ಈ ತುಂಡನ್ನೂ ಅದರ ಪಕ್ಕದ ಸುರಕ್ಷಾ ಪಟ್ಟಿಯನ್ನೂ ಹೊಸದಾಗಿ ಕೊಳ್ಳಿ. ಇಡೀ ಸೆಟ್ಟಿನಲ್ಲಿ ಅತಿ ಅಗ್ಗದ ಭಾಗಗಳಲ್ಲಿ ಇದೂ ಒಂದು, ಉಳಿತಾಯ ಮಾಡುವ ಜಾಗ ಇದಲ್ಲ.

ಇಷ್ಟು ಪರೀಕ್ಷೆಯಲ್ಲಿ ಗೆದ್ದ ಸಾಮಾನು ಯಾರಿಗೆ ಸಲ್ಲಬೇಕು? ನಡುವೆ ಡ್ಯಾಗರ್‌ಬೋರ್ಡ್ (ನೀರೊಳಕ್ಕೆ ಇಳಿಬಿಡುವ ಹಲಗೆ) ಇರುವ ಹಳೆಯ ಉದ್ದನೆಯ ಬೋರ್ಡುಗಳು ಮಂದ ಗಾಳಿಯಲ್ಲಿ ಇವತ್ತಿಗೂ ಸೊಗಸಾಗಿ ಸಾಗುತ್ತವೆ. ಅವನ್ನು ಎಸೆಯುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಕಲಿಸುವ ಕ್ಲಬ್ಬಿಗೆ ಕೊಟ್ಟರೆ ಇನ್ನೂ ಎಷ್ಟೋ ಮಂದಿ ಅದರ ಮೇಲೆ ಮೊದಲ ಹೆಜ್ಜೆ ಇಡುತ್ತಾರೆ. 1990ರ ದಶಕದ ಗಿಡ್ಡ, ಕಿರಿದಾದ ಬೋರ್ಡುಗಳದ್ದು ಬೇರೆ ಕಥೆ. ಅಗ್ಗವೆಂದು ಹೊಸಬರು ಅದನ್ನೇ ಕೊಂಡು, ನಿಲ್ಲಲಾಗದೆ, ಆಟವನ್ನೇ ಬಿಡುತ್ತಾರೆ. ಅಂಥದ್ದನ್ನು ಅನುಭವಿಗಳಿಗೆ ಮಾತ್ರ ಮಾರುವುದು ನ್ಯಾಯ.

ಸೋತ ಸಾಮಾನಿನ ವಿಲೇವಾರಿ ಕಷ್ಟದ್ದು. ಎಪಾಕ್ಸಿ ಒಮ್ಮೆ ಗಟ್ಟಿಯಾದರೆ ಅಣುಗಳು ಅಡ್ಡಡ್ಡ ಬೆಸೆದುಕೊಂಡಿರುತ್ತವೆ. ಬೇಯಿಸಿದ ಮೊಟ್ಟೆ ಮತ್ತೆ ಹಸಿಯಾಗದ ಹಾಗೆ ಅದು ಮತ್ತೆ ಕರಗದು, ಕಾಸಿದರೆ ಕರಕಲಾಗುತ್ತದೆ. ಆಮ್ಲಜನಕ ಸೋಕದಂತೆ 450ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಸಿ ಕಾರ್ಬನ್ ನಾರನ್ನು ಹೊರತೆಗೆಯುವ ಕಾರ್ಖಾನೆಗಳಿವೆ. ಗಾಜಿನ ನಾರು ಆ ಶಾಖದಲ್ಲಿ ಬಲ ಕಳೆದುಕೊಳ್ಳುತ್ತದೆ, ಹೊಸದೇ ಅಗ್ಗವಾಗಿರುವುದರಿಂದ ಯಾರಿಗೂ ಬೇಡ. ಗಾಳಿಯಂತ್ರಗಳ ರೆಕ್ಕೆಗಳಿಗೂ ಇದೇ ಪಾಡು. ಹಾಗಾಗಿ ಕರಗಿಸಿ ಹೊಸದು ಮಾಡುವುದಕ್ಕಿಂತ ಇದ್ದಂತೆಯೇ ಬೇರೆ ಕೆಲಸಕ್ಕೆ ಬಳಸುವುದೇ ದಾರಿ: ಹಾಯಿಯಿಂದ ಚೀಲ, ಮಾಸ್ಟಿನಿಂದ ಚಪ್ಪರದ ಕಂಬ. ಮಾಸ್ಟನ್ನು ಕತ್ತರಿಸುವಾಗ ಮುಖಗವಸು ತೊಟ್ಟು, ನೀರು ಹಾಕುತ್ತ ಕೊಯ್ಯಿರಿ. ಒಣ ಕಾರ್ಬನ್ ಧೂಳು ಚರ್ಮವನ್ನೂ ಶ್ವಾಸಕೋಶವನ್ನೂ ಕೆರಳಿಸುತ್ತದೆ.

ಹೊಸದರ ಆಯ್ಕೆಗೆ ಬಂದರೆ, ಬಹಳ ಮಂದಿ ಬೋರ್ಡಿನ ಅಂದಕ್ಕೆ ಮರುಳಾಗಿ ಅಲ್ಲಿಂದ ಶುರುಮಾಡುತ್ತಾರೆ. ಶುರುಮಾಡಬೇಕಾದ್ದು ಸವಾರನ ತೂಕದಿಂದ ಮತ್ತು ಅವರ ನೀರಿನಲ್ಲಿ ಸಾಮಾನ್ಯವಾಗಿ ಬೀಸುವ ಗಾಳಿಯಿಂದ. ಒಂದು ಲೀಟರ್ ಗಾತ್ರ ಸುಮಾರು ಒಂದು ಕಿಲೊ ಭಾರವನ್ನು ತೇಲಿಸುತ್ತದೆ, ಆರ್ಕಿಮಿಡೀಸ್ ಹೇಳಿದ್ದು ಇಲ್ಲಿ ಅಕ್ಷರಶಃ ಅನ್ವಯ. 75 ಕಿಲೊ ಸವಾರ, ಬೋರ್ಡು ಮತ್ತು ಹಾಯಿಯ ಸೆಟ್ ಸೇರಿ 18 ಕಿಲೊ ಎಂದರೆ 93. 95 ಲೀಟರಿನ ಬೋರ್ಡಿನ ಮೇಲೆ ನಿಂತರೆ ಅದು ಮುಳುಗದೆ ಇದ್ದೀತು, ಅಷ್ಟೇ. ಕಲಿಯುವವರಿಗೆ 160ರಿಂದ 200 ಲೀಟರ್ ಬೇಕು.

ಆದರೆ ಲೀಟರಿಗಿಂತ ಹೆಚ್ಚು ಮಾತಾಡುವುದು ಅಗಲ. ಪಕ್ಕಕ್ಕೆ ಹೊರಳದೆ ನಿಲ್ಲುವ ಗುಣ ಅಗಲದ ಘನದ ಜೊತೆ ಏರುತ್ತದೆ, ಉದ್ದದ ಜೊತೆ ಬರೀ ನೇರವಾಗಿ. 370 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲದ ಹಳೆಯ ಬೋರ್ಡಿಗಿಂತ 240 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲದ ಇಂದಿನ ಬೋರ್ಡು ಈ ಲೆಕ್ಕದಲ್ಲಿ ಒಂದೂವರೆ ಪಟ್ಟು ಸ್ಥಿರ. ಹಳೆಯದನ್ನು ಬದಲಿಸಲು ನನಗೆ ಒಪ್ಪಿಗೆಯಾಗುವ ಮುಖ್ಯ ಕಾರಣವೇ ಇದು.

ಹಾಯಿಗಳ ವಿಷಯದಲ್ಲಿ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ನೆನಪಿಡಿ. 15 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಗಾಳಿಗೆ 6 ಚದರ ಮೀಟರ್ ಹಾಯಿ ಹಿತವಾಗಿದ್ದರೆ, 18 ನಾಟಿಗೆ ಅದೇ ಎಳೆತ ಕೊಡಲು 4.2 ಸಾಕು. ಹಾಯಿಯನ್ನು ಮಾಸ್ಟಿನ ಬುಡದತ್ತ ಎಳೆಯುವ ಹಗ್ಗವನ್ನು ಬಿಗಿಮಾಡಿ, ಹಾಯಿಯ ಮೇಲ್ತುದಿ ಸಡಿಲಗೊಂಡು ಗಾಳಿಯನ್ನು ಚೆಲ್ಲುವಂತೆ ಮಾಡಿದರೆ ಒಂದೇ ಹಾಯಿಯೂ ಸಾಕಷ್ಟು ವ್ಯಾಪ್ತಿಗೆ ಒಗ್ಗುತ್ತದೆ. ಹಾಗಾಗಿ ಅಳತೆಗಳನ್ನು ಒಂದೊಂದೇ ಮೀಟರ್ ಅಂತರದಲ್ಲಿ ಜೋಡಿಸುವ ಬದಲು ಅನುಪಾತದಲ್ಲಿ ಜೋಡಿಸಿ. 4.5, 5.5, 6.8 ಮೂರೂ ಒಂದಕ್ಕಿಂತ ಒಂದು ಕಾಲುಪಾಲಿನಷ್ಟು ದೊಡ್ಡವು. ಅದೇ 7ರ ಜೊತೆಗೆ 7.5 ಇಟ್ಟುಕೊಂಡರೆ ದುಡ್ಡು ವ್ಯರ್ಥ.

ಮಾಸ್ಟನ್ನು ಹಾಯಿಯೇ ಆರಿಸಲಿ. ಹಾಯಿಯ ಬುಡದಲ್ಲಿ ಯಾವ ಉದ್ದ, ಎಷ್ಟು ಬಿಗುವಿನ ಮಾಸ್ಟ್ ಬೇಕೆಂದು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಬಿಗುವಿನ ಅಂಕಿ ಸರಳವಾದದ್ದು: ಮಾಸ್ಟನ್ನು ಎರಡು ತುದಿಗೂ ಆಧಾರ ಕೊಟ್ಟು ಮಲಗಿಸಿ, ನಡುವೆ 30 ಕಿಲೊ ತೂಗುಹಾಕಿ, ಉದ್ದವನ್ನು ಬಾಗಿದ ಅಳತೆಯಿಂದ ಭಾಗಿಸುತ್ತಾರೆ. 460 ಸೆಂ.ಮೀ. ಮಾಸ್ಟ್ 18.4 ಸೆಂ.ಮೀ. ಬಾಗಿದರೆ ಅದರ ಅಂಕಿ 25. ಬಾಗುವ ರೀತಿಯೂ, ಮೇಲ್ತುದಿ ಹೆಚ್ಚು ಬಾಗುತ್ತದೋ ಎಲ್ಲೆಡೆ ಸಮನಾಗಿಯೋ ಎಂಬುದೂ, ಹಾಯಿಗೆ ಹೊಂದಬೇಕು. 1980ರ ದಶಕದ ಹಾಯಿಯನ್ನು ಇಂದಿನ ಕಾರ್ಬನ್ ಮಾಸ್ಟಿಗೆ ತೊಡಿಸಿದರೆ ಎರಡರ ಗುಣವೂ ಕೆಡುತ್ತದೆ. ಹಳೆಯ ಹಾಯಿ, ಅದರ ಮಾಸ್ಟ್ ಜೊತೆಯಾಗಿಯೇ ಇರಲಿ, ಜೊತೆಯಾಗಿಯೇ ಮಾರಾಟವಾಗಲಿ.

ಹೊಸ ಆಕರ್ಷಣೆ ಫಾಯಿಲ್, ನೀರಿನೊಳಗಿನ ರೆಕ್ಕೆಯ ಮೇಲೆ ಬೋರ್ಡನ್ನೇ ಎತ್ತಿ ಹಾರಿಸುವ ವ್ಯವಸ್ಥೆ. ಒಲಿಂಪಿಕ್ಸ್‌ನಲ್ಲಿ 2008ರಿಂದ ಇದ್ದ ಆರ್‌ಎಸ್:ಎಕ್ಸ್ ಬೋರ್ಡಿನ ಜಾಗಕ್ಕೆ 2024ರ ಪ್ಯಾರಿಸ್ ಕೂಟದಲ್ಲಿ ಐಕ್ಯೂಫಾಯಿಲ್ ಎಂಬ ಫಾಯಿಲ್ ಬೋರ್ಡು ಬಂತು. ಹಳೆಯ ಬೋರ್ಡಿನ ಫಿನ್ ಪೆಟ್ಟಿಗೆಗೆ ಫಾಯಿಲ್ ಸರಿಯಾಗಿ ಕೂತರೂ ತೊಡಿಸಬೇಡಿ. ಫಿನ್ ಸಾಮಾನ್ಯವಾಗಿ ಒಂದೂವರೆ ಅಡಿಗಿಂತ ಉದ್ದವಿರುವುದಿಲ್ಲ. ಫಾಯಿಲಿನ ಕಾಲು 70ರಿಂದ 95 ಸೆಂ.ಮೀ., ಅದರ ತುದಿಯಲ್ಲಿ ಸವಾರನ ಇಡೀ ಭಾರ ಹೊತ್ತ ರೆಕ್ಕೆ. ಅಷ್ಟುದ್ದದ ಸನ್ನೆ ಪೆಟ್ಟಿಗೆಯ ಗೋಡೆಯನ್ನು ಒಳಗಿನಿಂದ ಬಗೆದುಬಿಡುತ್ತದೆ. ಫಾಯಿಲಿಗೆಂದೇ ಮಾಡಿದ ಬೋರ್ಡಿನಲ್ಲಿ ಪೆಟ್ಟಿಗೆಯ ಸುತ್ತ ಗಟ್ಟಿ ನೊರೆ ತುಂಬಿ, ಡೆಕ್ಕಿನವರೆಗೂ ನಾರಿನ ಬಿಗಿ ಕೊಟ್ಟಿರುತ್ತಾರೆ. ಮಾರುವವರು "ಫಾಯಿಲ್ ಹಾಕಬಹುದು" ಎಂದರೆ ತಯಾರಕರ ಮಾಹಿತಿಯಲ್ಲಿ ಹಾಗೆಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಆ ಬೋರ್ಡಿಗೆ ಫಿನ್ ಸಾಕು.